ಸಣ್ಣ ಹಾಯಿದೋಣಿಗೆ ಫರ್ಲರ್: ದೋಣಿಯ ಉದ್ದ ಬಿಡಿ, ತಂತಿ ಅಳೆಯಿರಿ

ಹಾಯಿದೋಣಿಯ ಸಾಮಾನು ಮಾರುವ ಅಂಗಡಿಗಳ ಪಟ್ಟಿಯಲ್ಲಿ, ಮುಂದಿನ ಹಾಯಿಯನ್ನು ಸುತ್ತಿಡುವ ಸಾಧನವಾದ ಫರ್ಲರ್‌ ಚಿತ್ರದ ಕೆಳಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. ಇಷ್ಟು ಅಡಿಯಿಂದ ಇಷ್ಟು ಅಡಿ ಉದ್ದದ ದೋಣಿಗೆ, ಅಂತ. ಓದಿದವರಿಗೆ ನಿರಾಳ. ನಮ್ಮದು 22 ಅಡಿ, ಹಾಗಾದರೆ ಇದೇ ಸರಿ, ಆರ್ಡರ್ ಮಾಡಿಬಿಡೋಣ. ಆದರೆ ಫರ್ಲರ್ ಕೂರುವುದು ಒಂದು ಸ್ಟೀಲ್ ತಂತಿಯ ಮೇಲೆ. ಆ ತಂತಿಯ ದಪ್ಪ ಎಷ್ಟು, ಉದ್ದ ಎಷ್ಟು, ಅದರ ಎರಡು ತುದಿಯ ಪಿನ್ನುಗಳು ಎಷ್ಟು ದಪ್ಪ, ಅದರ ಹಿಂದೆ ಏರುವ ಹಾಯಿ ಎಷ್ಟು ದೊಡ್ಡದು ಎಂಬುದೇ ಅಳತೆ. ದೋಣಿಯ ಉದ್ದಕ್ಕೂ ಇವಕ್ಕೂ ದೂರದ ಸಂಬಂಧ ಮಾತ್ರ.

ಒಂದು ಉದಾಹರಣೆ ನೋಡಿ. ಕ್ಯಾಟಲಿನಾ 22 ಎಂಬ ದೋಣಿ ಇದೆ. ಫ್ರಾಂಕ್ ಬಟ್ಲರ್ ಕ್ಯಾಲಿಫೋರ್ನಿಯಾದಲ್ಲಿ 1969ರ ಹೊತ್ತಿಗೆ ತಯಾರಿಸಲು ಶುರು ಮಾಡಿದ್ದು. 15 ಸಾವಿರಕ್ಕೂ ಹೆಚ್ಚು ದೋಣಿಗಳು ಬಂದವು. ಅಮೆರಿಕದ ಸರೋವರಗಳಲ್ಲಿ ಟ್ರೇಲರ್ ಮೇಲೆ ಎಳೆದುಕೊಂಡು ಹೋಗಿ ನೀರಿಗಿಳಿಸುವ ದೋಣಿ ಅಂದರೆ ಹಲವರಿಗೆ ಮೊದಲು ನೆನಪಾಗುವುದು ಇದೇ. ಇನ್ನೊಂದು ಜೆ/24. ಇದು ರೇಸಿಗೆ ಹೆಸರಾದದ್ದು, ಎರಡೂವರೆ ಅಡಿಯಷ್ಟು ಉದ್ದ ಜಾಸ್ತಿ. ಆದರೆ ಡೆಕ್‌ನಿಂದ ಮುಂದಿನ ತಂತಿ ಕಂಬಕ್ಕೆ ಸೇರುವ ಎತ್ತರ ಕ್ಯಾಟಲಿನಾದಲ್ಲಿ 25.83 ಅಡಿ, ಜೆ/24ರಲ್ಲಿ 26.25 ಅಡಿ. ಅರ್ಧ ಅಡಿಯೂ ವ್ಯತ್ಯಾಸವಿಲ್ಲ! ಇದೇ ರೀತಿ 22 ಅಡಿಯ ಎರಡು ದೋಣಿಗಳ ತಂತಿ ಬೇರೆ ಬೇರೆ ದಪ್ಪದ್ದಾಗಿರಲೂಬಹುದು. ಹಾಗಾಗಿ ಪಟ್ಟಿಯ ಆ ಸಾಲು ಎಲ್ಲಿಂದ ಹುಡುಕಬೇಕು ಎಂಬ ಅಂದಾಜಿಗೆ ಸರಿ. ಕೊಳ್ಳುವುದಕ್ಕೆ ಸಾಲದು.

ಫರ್ಲರ್ ಏನು ಮಾಡುತ್ತದೆ?

ದೋಣಿಯ ಕಂಬ ಹಿಂದಕ್ಕೆ ಬೀಳದಂತೆ ಅದರ ಮೇಲ್ಭಾಗದಿಂದ ದೋಣಿಯ ಮೂತಿಗೆ ಕಟ್ಟಿದ ತಂತಿಗೆ ಫೋರ್‌ಸ್ಟೇ ಅನ್ನುತ್ತಾರೆ. ಮುಂದಿನ ಹಾಯಿ, ಅಂದರೆ ಜಿಬ್ ಅಥವಾ ಅದಕ್ಕಿಂತ ದೊಡ್ಡದಾದ ಜೆನೋವಾ, ಈ ತಂತಿಯನ್ನೇ ಹಿಡಿದು ಮೇಲೇರುತ್ತದೆ. ಹಳೆಯ ಪದ್ಧತಿಯಲ್ಲಿ ಹಾಯಿಯ ಮುಂದಿನ ಅಂಚಿಗೆ ಸಾಲಾಗಿ ಕೊಕ್ಕೆಗಳಿರುತ್ತವೆ. ಒಂದೊಂದೇ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಬೇಕು, ಹಾಲ್ಯರ್ಡ್ ಎಂಬ ಹಗ್ಗ ಎಳೆದು ಹಾಯಿ ಏರಿಸಬೇಕು. ಗಾಳಿ ಜೋರಾದರೆ ಯಾರಾದರೂ ಒಬ್ಬರು ಕುಣಿಯುವ ಮೂತಿಗೆ ತೆವಳಿಕೊಂಡು ಹೋಗಿ, ಒದ್ದೆಯಾಗಿ, ದೊಡ್ಡ ಹಾಯಿ ಇಳಿಸಿ ಸಣ್ಣದನ್ನು ಏರಿಸಬೇಕು. ಒಬ್ಬರೇ ಹೋಗುವವರಿಗೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಸುಮ್ನೆ ಅಪಾಯ.

ಫರ್ಲರ್ ಈ ಕೆಲಸವನ್ನು ಹಿಂದೆ ಕೂತಲ್ಲಿಗೇ ತರುತ್ತದೆ. ತಂತಿಯ ಸುತ್ತ ಉದ್ದಕ್ಕೂ ಒಂದು ಕೊಳವೆ, ಇದು ಫಾಯಿಲ್. ಅದರಲ್ಲಿ ಉದ್ದಕ್ಕೂ ಒಂದು ತೋಡು ಕೊರೆದಿರುತ್ತದೆ. ಹಾಯಿಯ ಮುಂದಿನ ಅಂಚಿಗೆ ಹೊಲಿದ ದಪ್ಪ ಪಟ್ಟಿ ಆ ತೋಡಿನೊಳಗೆ ಜಾರಿಕೊಂಡು ಮೇಲೇರುತ್ತದೆ. ಕೆಳಗೆ ಡ್ರಮ್, ಅದಕ್ಕೆ ಸುತ್ತಿದ ಹಗ್ಗ. ಮೇಲೆ ಸ್ವಿವೆಲ್ ಎಂಬ ಬೇರಿಂಗಿನ ತುಣುಕು. ಇದರ ಕೆಳಗಿನ ಅರ್ಧ ಹಾಯಿಯ ಜತೆ ತಿರುಗುತ್ತದೆ, ಮೇಲಿನ ಅರ್ಧ ಹಾಲ್ಯರ್ಡ್ ಹಿಡಿದುಕೊಂಡು ತಿರುಗದೆ ನಿಲ್ಲುತ್ತದೆ. ಹಗ್ಗ ಎಳೆದರೆ ಡ್ರಮ್ ತಿರುಗುತ್ತದೆ, ಡ್ರಮ್ ಜತೆ ಫಾಯಿಲ್ ತಿರುಗುತ್ತದೆ, ಹಾಯಿ ಚಾಪೆ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತದೆ. ಹಾಯಿಯ ಹಿಂದಿನ ಮೂಲೆಯ ಹಗ್ಗ, ಅಂದರೆ ಶೀಟ್, ಎಳೆದರೆ ಬಿಚ್ಚಿಕೊಳ್ಳುತ್ತದೆ.

ಸುತ್ತುವುದೋ, ಕುಗ್ಗಿಸುವುದೋ

ಅಂಗಡಿಗೆ ಹೋಗುವ ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದ್ದು ಇದು. ನಿಮಗೆ ಬೇಕಾದ್ದು ಹಾಯಿಯನ್ನು ಪೂರ್ತಿ ಸುತ್ತಿಡುವುದು ಮಾತ್ರವೋ, ಅಥವಾ ಗಾಳಿ ಏರಿದಾಗ ಅರ್ಧ ಸುತ್ತಿ, ಉಳಿದ ಸಣ್ಣ ಹಾಯಿಯಲ್ಲೇ ಸಾಗುವುದೋ? ಎರಡನೆಯದಕ್ಕೆ ರೀಫ್ ಮಾಡುವುದು ಅನ್ನುತ್ತಾರೆ. ನೋಡಲು ಒಂದೇ ತರಹ. ಯಂತ್ರಕ್ಕೆ ಬೀಳುವ ಭಾರ ಮಾತ್ರ ತೀರಾ ಬೇರೆ.

20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಂದ ವೈಕಮ್ ಮಾರ್ಟಿನ್ ಫರ್ಲರ್ ಬರೀ ಸುತ್ತುವ ಜಾತಿಯದು. ಕೆಳಗೊಂದು ಡ್ರಮ್, ಮೇಲೊಂದು ಸ್ವಿವೆಲ್, ನಡುವೆ ಫಾಯಿಲ್ ಇಲ್ಲ. ಹಾಯಿಯ ಅಂಚಿನೊಳಗೇ ಒಂದು ತಂತಿ ಹೊಲಿದಿರುತ್ತದೆ, ಅದರ ಸುತ್ತಲೇ ಹಾಯಿ ಸುತ್ತಿಕೊಳ್ಳುತ್ತದೆ. ಈ ಬಗೆ ಈಗಲೂ ಸಿಗುತ್ತದೆ. ಹಗುರ, ಅಗ್ಗ. ತೆರೆದ ಸಣ್ಣ ದೋಣಿಗಳಿಗೆ ಹೇಳಿ ಮಾಡಿಸಿದ್ದು. ಆದರೆ ಅರ್ಧ ಸುತ್ತಿ ಗಾಳಿಗೆ ಒಡ್ಡಿದರೆ ಅಂಚಿನ ತಂತಿ ಹಗ್ಗದಂತೆ ತಿರುಚಿಕೊಳ್ಳುತ್ತದೆ. ಕೆಳಗೆ ಐದು ಸುತ್ತು ಬಂದಿದ್ದರೆ ಮೇಲೆ ಮೂರೇ ಬಂದಿರುತ್ತದೆ. ಹಾಯಿ ಸಡಿಲವಾಗಿ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಅಂದರೆ ಹಾಯಿ ಚಪ್ಪಟೆಯಾಗಿ ಬಿಗಿಯಾಗಿರಬೇಕಾದ ಹೊತ್ತಿಗೇ ಕೈಕೊಡುತ್ತದೆ.

ರೀಫ್ ಮಾಡಬೇಕೆಂದರೆ ಫಾಯಿಲ್ ಬೇಕೇ ಬೇಕು. ಅದು ತಿರುಚಿಕೊಳ್ಳದೆ ಡ್ರಮ್ಮಿನ ಬಲವನ್ನು ತುದಿಯವರೆಗೆ ಒಯ್ಯಬೇಕು. ಇಲ್ಲಿ ಎರಡು ದಾರಿ. ಸ್ವೀಡನ್ನಿನ ಸೆಲ್ಡೆನ್ ಕಂಪನಿಯ ಫರ್ಲೆಕ್ಸ್, ಅಮೆರಿಕದ ಹಾರ್ಕನ್, ಫ್ರಾನ್ಸಿನ ಪ್ರೊಫರ್ಲ್ ಇವೆಲ್ಲ ಅಲ್ಯೂಮಿನಿಯಂ ತುಂಡುಗಳನ್ನು ಜೋಡಿಸಿ ಫಾಯಿಲ್ ಮಾಡುತ್ತವೆ. ಗಟ್ಟಿ, ತಿರುಚುವುದು ಕಡಿಮೆ, ಗಾಳಿ ಸೀಳುವ ಆಕಾರವೂ ಚೆನ್ನ. ಸಿಡಿಐ ಎಂಬ ಅಮೆರಿಕದ ಕಂಪನಿಯದು ಇನ್ನೊಂದು ದಾರಿ. ಒಂದೇ ಉದ್ದನೆಯ, ಬಾಗುವ ಪಿವಿಸಿ ಪಟ್ಟಿ. ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಬರುತ್ತದೆ, ಬಿಸಿಲಲ್ಲಿ ಹಾಸಿ ನೇರ ಮಾಡಿಕೊಂಡು ಬೇಕಾದ ಉದ್ದಕ್ಕೆ ಗರಗಸದಲ್ಲಿ ಕತ್ತರಿಸಬೇಕು. ಮೇಲೆ ತಿರುಗುವ ಸ್ವಿವೆಲ್ ಇಲ್ಲ. ಹಾಯಿ ಏರಿಸುವ ಹಗ್ಗ ಫರ್ಲರ್‌ನ ಒಳಗೇ ಇದ್ದು, ಹಾಯಿಯ ಜತೆಗೇ ಸುತ್ತುತ್ತದೆ.

ನನ್ನನ್ನು ಕೇಳಿದರೆ, ಪ್ರತಿ ಸಲ ಕಂಬ ಇಳಿಸಿ ಟ್ರೇಲರ್ ಮೇಲೆ ಮಲಗಿಸಿ ಒಯ್ಯುವ ದೋಣಿಗೆ ಪಿವಿಸಿಯೇ ವಾಸಿ. ಅಲ್ಯೂಮಿನಿಯಂ ಫಾಯಿಲ್ ಕಂಬ ಏರಿಸುವಾಗ ನೆಲಕ್ಕೋ ಡೆಕ್ಕಿಗೋ ಸಿಕ್ಕಿ ಒಂದು ಸಲ ಬಾಗಿದರೆ ಮತ್ತೆ ನೇರವಾಗುವುದಿಲ್ಲ. ಬಾಗಿದ ತುಂಡಿನ ಮೇಲೆ ಸ್ವಿವೆಲ್ ಜಾರುವುದೂ ಇಲ್ಲ. ಪಿವಿಸಿ ಬಾಗಿ ತನ್ನಷ್ಟಕ್ಕೆ ತಾನು ನೆಟ್ಟಗಾಗುತ್ತದೆ. ವರ್ಷವಿಡೀ ನೀರಿನಲ್ಲೇ ನಿಂತು, ಕೊಲ್ಲಿಯಲ್ಲೋ ಸಮುದ್ರದಲ್ಲೋ ಜೋರು ಗಾಳಿಗೆ ಸಿಕ್ಕುವ ದೋಣಿಗೆ ಅಲ್ಯೂಮಿನಿಯಂ. ಅಲ್ಲಿ ರೀಫ್ ಮಾಡುವುದು ಮೇಲಿಂದ ಮೇಲೆ ಬರುವ ಕೆಲಸ. ಬೆಲೆಯ ಅಂತರವೂ ಸಣ್ಣದಲ್ಲ. ಸಣ್ಣ ದೋಣಿಯ ಪಿವಿಸಿ ಫರ್ಲರ್ ಕೆಲವು ನೂರು ಡಾಲರ್‌ನಲ್ಲಿ ಮುಗಿದರೆ, ಅಲ್ಯೂಮಿನಿಯಂ ಬಗೆ ಸುಲಭವಾಗಿ ಸಾವಿರ ದಾಟುತ್ತದೆ.

ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿಗಳಿಗೆ ಈ ತಲೆನೋವೇ ಇಲ್ಲ. ಅವುಗಳಲ್ಲಿ ಮುಂದಿನ ಹಾಯಿಯೇ ಇರುವುದಿಲ್ಲ!

ಅಳತೆಯ ಕೆಲಸ

ಈಗ ಟೇಪ್ ಹಿಡಿಯೋಣ. ಕ್ಯಾಟಲಿನಾ 22ನ್ನೇ ಇಟ್ಟುಕೊಳ್ಳೋಣ.

ಹಾಯಿದೋಣಿಯ ವಿವರಗಳಲ್ಲಿ ಐ, ಜೆ, ಪಿ, ಇ ಎಂದು ನಾಲ್ಕು ಅಕ್ಷರದ ಅಳತೆ ಕೊಟ್ಟಿರುತ್ತಾರೆ. ಪಿ ಮತ್ತು ಇ ಹಿಂದಿನ ದೊಡ್ಡ ಹಾಯಿಗೆ ಸೇರಿದವು, ಅವನ್ನು ಬಿಡಿ. ಐ ಎಂದರೆ ಡೆಕ್‌ನಿಂದ ಫೋರ್‌ಸ್ಟೇ ಕಂಬಕ್ಕೆ ಸೇರುವ ಜಾಗದವರೆಗಿನ ಎತ್ತರ. ಜೆ ಎಂದರೆ ಫೋರ್‌ಸ್ಟೇ ಡೆಕ್ಕಿಗೆ ಸೇರುವ ಜಾಗದಿಂದ ಕಂಬದ ಮುಂಭಾಗದವರೆಗಿನ ದೂರ. ಕ್ಯಾಟಲಿನಾ 22ರಲ್ಲಿ ಐ 25.83 ಅಡಿ, ಅಂದರೆ 7.87 ಮೀಟರ್. ಜೆ 8 ಅಡಿ, 2.44 ಮೀಟರ್. ಕಂಬ, ಡೆಕ್, ತಂತಿ ಮೂರೂ ಸೇರಿ ಒಂದು ಲಂಬ ತ್ರಿಕೋನ. ಶಾಲೆಯ ಪೈಥಾಗೊರಸ್ ಇಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತಾನೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ತಂತಿಯ ಉದ್ದ ಸುಮಾರು 27 ಅಡಿ, 8.24 ಮೀಟರ್.

ಇದು ಕಾಗದದ ಲೆಕ್ಕ. ಯಾವ ಅಳತೆಯ ಕಿಟ್ ಬೇಕು ಎಂದು ತಿಳಿಯಲು ಸಾಕು, ತಂತಿ ಕತ್ತರಿಸಲು ಸಾಲದು. ಅದಕ್ಕೆ ನಿಮ್ಮ ದೋಣಿಯ ಹಳೆಯ ತಂತಿಯನ್ನೇ ಬಿಚ್ಚಿ, ನೆಲದ ಮೇಲೆ ಬಿಗಿಯಾಗಿ ಎಳೆದು, ಮೇಲಿನ ಪಿನ್ನಿನ ನಡುವಿನಿಂದ ಕೆಳಗಿನ ಪಿನ್ನಿನ ನಡುವಿನವರೆಗೆ ಅಳೆಯಬೇಕು. ಬಿಚ್ಚುವ ಮೊದಲು, ತಂತಿ ಬಿಗಿಸುವ ತಿರುಪಾದ ಟರ್ನ್‌ಬಕಲ್‌ನ ಎಳೆಗಳು ಎಲ್ಲಿವೆ ಎಂದು ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಹೊಸ ತಂತಿ ಉದ್ದವಾದರೆ ಕಂಬ ಹಿಂದಕ್ಕೆ ವಾಲುತ್ತದೆ. ಆಗ ದೋಣಿ ಸದಾ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ, ಚುಕ್ಕಾಣಿ ಹಿಡಿದ ಕೈ ಸೋಲುತ್ತದೆ. ಎಷ್ಟೋ ಜನ ಫರ್ಲರ್ ಹಾಕಿಸಿದ ಮೇಲೆ ದೋಣಿಯ ಸ್ವಭಾವವೇ ಬದಲಾಯಿತು ಎಂದು ಗೊಣಗುವುದಕ್ಕೆ ಇದೊಂದು ಕಾರಣ.

ಇನ್ನು ತಂತಿಯ ದಪ್ಪ. ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಿರಿ, ಕಣ್ಣಂದಾಜು ಬೇಡ. ಹಳೆಯ ಕ್ಯಾಟಲಿನಾ 22ಗಳಲ್ಲಿ ಸಾಮಾನ್ಯವಾಗಿ 1/8 ಇಂಚಿನ ತಂತಿ, ಅಂದರೆ 3.2 ಮಿಲಿಮೀಟರ್. ಫರ್ಲರ್ ಹಾಕುವ ಹೊತ್ತಿಗೆ ಇದನ್ನು 5/32 ಇಂಚಿಗೆ, ಸುಮಾರು 4 ಮಿಲಿಮೀಟರಿಗೆ, ಏರಿಸುವವರು ಬಹಳ. ನಾನೂ ಅದನ್ನೇ ಹೇಳುತ್ತೇನೆ. ನೋಡಲು ಕೂದಲೆಳೆಯ ಅಂತರ. ಆದರೆ ತಂತಿಯ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಕಾಲು ಭಾಗ ಹೆಚ್ಚಿದರೆ ಬಲ ಒಂದೂವರೆ ಪಟ್ಟು ದಾಟುತ್ತದೆ. ಫಾಯಿಲ್ ಹಾಕಿದ ಮೇಲೆ ತಂತಿ ಕಣ್ಣಿಗೆ ಬೀಳುವುದಿಲ್ಲ. ಒಂದು ಎಳೆ ಕಿತ್ತರೂ ಹೊರಗೆ ಗೊತ್ತಾಗುವುದಿಲ್ಲ. ಕಾಣದ ಕಡೆ ಸ್ವಲ್ಪ ಜಾಸ್ತಿ ಬಲ ಇರಲಿ, ಅಲ್ವಾ?

ದಪ್ಪ ಬದಲಾದರೆ ಪಿನ್ನೂ ಬದಲಾಗುತ್ತದೆ. ಅಮೆರಿಕದ ಸಾಮಾನಿನಲ್ಲಿ 1/8 ಇಂಚಿನ ತಂತಿಗೆ 1/4 ಇಂಚಿನ ಪಿನ್, 5/32ಕ್ಕೆ 5/16, 3/16ಕ್ಕೆ 3/8 ಎಂಬುದು ವಾಡಿಕೆ. ಜನ ಮರೆಯುವುದು ಇಲ್ಲೇ. ಫರ್ಲರ್‌ನ ಕೆಳಗಿನ ಕವಲು 5/16 ಇಂಚಿನ ಪಿನ್ ಕೇಳುತ್ತದೆ, ದೋಣಿಯ ಮೂತಿಯ ಲೋಹದ ಪಟ್ಟಿಯಲ್ಲಿ 1/4 ಇಂಚಿನ ತೂತು. ಆಗ ಕೆಲವರು ಡ್ರಿಲ್ ತರುತ್ತಾರೆ. ತೂತು ದೊಡ್ಡದಾದಷ್ಟೂ ಅದರ ಅಂಚಿನಲ್ಲಿ ಉಳಿಯುವ ಲೋಹ ತೆಳುವಾಗುತ್ತದೆ. ಇಡೀ ಕಂಬ ನಿಂತಿರುವುದು ಆ ತೆಳು ಅಂಚಿನ ಮೇಲೆ. ಸರಿಯಾದ ಅಳತೆಯ ಜೋಡಣೆ ತುಣುಕು ಕೇಳಿ ತರಿಸಿ. ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಹಾಕುವುದೂ ತಪ್ಪೇ. ಅಲ್ಲಾಡಿ ಅಲ್ಲಾಡಿ ಎರಡೂ ಸವೆಯುತ್ತವೆ.

ಕವಲಿನ ಕೆಳಗೆ ಟಾಗಲ್ ಎಂಬ ಕೀಲಿನ ತುಣುಕು ಇರಲೇಬೇಕು. ಹಾಯಿ ತುಂಬಿದಾಗ ಫೋರ್‌ಸ್ಟೇ ಪಕ್ಕಕ್ಕೂ ಬಾಗುತ್ತದೆ, ಹಿಂದಕ್ಕೂ ಬಾಗುತ್ತದೆ. ಬರಿ ತಂತಿಯಾದರೆ ಹೇಗೋ ತಡೆದುಕೊಳ್ಳುತ್ತದೆ. ಫರ್ಲರ್ ಹೊತ್ತ ತಂತಿಗೆ ತೂಕವೂ ಜಾಸ್ತಿ, ಓಲಾಟವೂ ಜಾಸ್ತಿ. ಎರಡೂ ದಿಕ್ಕಿಗೆ ಮಡಚುವ ಕೀಲು ಇಲ್ಲದಿದ್ದರೆ ಲೋಹ ಒಂದೇ ಜಾಗದಲ್ಲಿ ಬಳುಕಿ ಬಳುಕಿ ದಣಿದು ಮುರಿಯುತ್ತದೆ. ಮೇಲೂ ಒಂದು ಟಾಗಲ್ ಹಾಕಿಸಿದರೆ ಒಳ್ಳೆಯದು. ನೂರು ಡಾಲರಿನೊಳಗಿನ ತುಣುಕು, ಕಂಜೂಸಿ ಬೇಡ.

ಹಾಯಿ ಎಷ್ಟು ದೊಡ್ಡದು?

ಜೆನೋವಾಗಳನ್ನು ಶೇಕಡಾ ಲೆಕ್ಕದಲ್ಲಿ ಹೆಸರಿಸುತ್ತಾರೆ. 110, 135, 150. ಇದು ಹಾಯಿಯ ವಿಸ್ತೀರ್ಣ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಹಾಯಿಯ ಹಿಂದಿನ ಮೂಲೆಯಿಂದ ಮುಂದಿನ ಅಂಚಿಗೆ ಲಂಬವಾಗಿ ಅಳೆದ ದೂರ ಜೆ ಅಳತೆಯ ಶೇಕಡಾ ಎಷ್ಟು ಎಂಬ ಲೆಕ್ಕ. ಜೆ 8 ಅಡಿ ಇರುವ ದೋಣಿಯಲ್ಲಿ 150ರ ಜೆನೋವಾದ ಆ ದೂರ 12 ಅಡಿ, 135ರದು 10.8 ಅಡಿ, 110ರದು 8.8 ಅಡಿ.

ವಿಸ್ತೀರ್ಣ ತಿಳಿಯಲು ಮುಂದಿನ ಅಂಚಿನ ಉದ್ದವೂ ಬೇಕು. ಫರ್ಲರ್ ಹಾಕಿದರೆ ತಂತಿಯ ಪೂರ್ತಿ ಉದ್ದ ಹಾಯಿಗೆ ಸಿಗುವುದಿಲ್ಲ. ಕೆಳಗೆ ಡ್ರಮ್ಮು, ಅದರ ಮೇಲಿನ ಕೊಂಡಿ ಸೇರಿ ಒಂದು ಅಡಿಗೂ ಹೆಚ್ಚು ತಿನ್ನುತ್ತವೆ. ಮೇಲೆ ಸ್ವಿವೆಲ್ ಮತ್ತು ಹಾಲ್ಯರ್ಡ್‌ಗೆ ಇನ್ನೊಂದು ಅಡಿ ಬಿಡಿ. 27 ಅಡಿಯಲ್ಲಿ ಹಾಯಿಗೆ ಉಳಿಯುವುದು ಸುಮಾರು 24.75 ಅಡಿ. ಅರ್ಧ ಗುಣಿಸು 24.75 ಗುಣಿಸು 12, ಅಂದರೆ 150ರ ಜೆನೋವಾಗೆ ಸುಮಾರು 148 ಚದರ ಅಡಿ. 135ಕ್ಕೆ 134, 110ಕ್ಕೆ 109. ಫರ್ಲರ್ ತಯಾರಕರ ಪಟ್ಟಿಯಲ್ಲಿ ಹಾಯಿಯ ವಿಸ್ತೀರ್ಣದ ಮಿತಿ ಕೊಟ್ಟಿದ್ದರೆ ಈ ಸಂಖ್ಯೆಯನ್ನು ಅದರ ಪಕ್ಕ ಇಟ್ಟು ನೋಡಿ. ಮಿತಿಗೆ ತೀರಾ ಹತ್ತಿರವಿದ್ದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ. ಆದರೆ ಎರಡು ಅಳತೆ ದೊಡ್ಡದು ಬೇಡ. 22 ಅಡಿ ದೋಣಿಯ ಕಂಬದ ತುದಿಯಲ್ಲಿ ಒಂದು ಕಿಲೋ ಹೆಚ್ಚುವರಿ ತೂಕವೂ ದೋಣಿ ವಾಲುವಾಗ ತನ್ನ ಬುದ್ಧಿ ತೋರಿಸುತ್ತದೆ.

ಇದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ನಿಮ್ಮ ಹಳೆಯ ಕೊಕ್ಕೆ ಹಾಯಿ ತಂತಿಯ ಪೂರ್ತಿ ಉದ್ದಕ್ಕೆ ಹೊಲಿದದ್ದಾದರೆ ಫರ್ಲರ್ ಮೇಲೆ ಹಿಡಿಯುವುದಿಲ್ಲ. ಹಾಯಿ ಹೊಲಿಯುವವರ ಹತ್ತಿರ ಒಯ್ದು ಅಂಚು ಗಿಡ್ಡ ಮಾಡಿಸಬೇಕು, ಕೊಕ್ಕೆ ಕಿತ್ತು ತೋಡಿನೊಳಗೆ ಹೋಗುವ ಪಟ್ಟಿ ಹೊಲಿಸಬೇಕು. ಆ ಪಟ್ಟಿಯ ದಪ್ಪವೂ ಫಾಯಿಲ್‌ನ ತೋಡಿಗೆ ಹೊಂದಬೇಕು. ಸಣ್ಣ ಫರ್ಲರ್‌ಗಳಲ್ಲಿ 5 ಅಥವಾ 6 ಮಿಲಿಮೀಟರ್ ಸಾಮಾನ್ಯ. ಬಿಸಿಲಿನಿಂದ ಕಾಯಲು ಹಿಂದಿನ ಮತ್ತು ಕೆಳಗಿನ ಅಂಚಿಗೆ ಬಣ್ಣದ ದಪ್ಪ ಬಟ್ಟೆಯ ಪಟ್ಟಿಯನ್ನೂ ಹೊಲಿಸಬೇಕು. ಸುತ್ತಿದ ಹಾಯಿ ತಿಂಗಳುಗಟ್ಟಲೆ ಬಿಸಿಲಲ್ಲೇ ನಿಂತಿರುತ್ತದೆ. ಆ ಪಟ್ಟಿ ಇಲ್ಲದಿದ್ದರೆ ಹೊರಗೆ ಕಾಣುವ ಬಟ್ಟೆ ಕೆಲವೇ ವರ್ಷದಲ್ಲಿ ಕೈಯಲ್ಲಿ ಹರಿಯುವಷ್ಟು ಸೊರಗುತ್ತದೆ. ಫರ್ಲರ್‌ನ ಬೆಲೆ ನೋಡಿ ಬಜೆಟ್ ಹಾಕುವವರು ಈ ಹೊಲಿಗೆಯ ಖರ್ಚನ್ನು ಸೇರಿಸಿಕೊಂಡಿರುವುದಿಲ್ಲ. ಸೇರಿಸಿ.

ಯಾವ ಶೇಕಡಾ ಹಾಯಿ ಒಳ್ಳೆಯದು? ಅರ್ಧ ಸುತ್ತಿದ ಹಾಯಿಯ ಆಕಾರ ಹೇಗೆ ಕೆಡುತ್ತದೆ ಎಂದು ಗೊತ್ತಾದರೆ ಉತ್ತರ ಸುಲಭ. ಹಾಯಿ ಚಪ್ಪಟೆ ಬಟ್ಟೆಯಲ್ಲ. ಅದರ ನಡುವಿನಲ್ಲಿ ಬೇಕೆಂದೇ ಒಂದು ಹೊಟ್ಟೆ ಕೊಟ್ಟು ಹೊಲಿದಿರುತ್ತಾರೆ. ಮುಂದಿನ ಅಂಚಿನಿಂದ ಸುತ್ತುತ್ತಾ ಬಂದರೆ ಮೇಲೆ, ಕೆಳಗೆ, ನಡುವೆ ಎಲ್ಲ ಕಡೆ ಒಂದೇ ಸಮ ಬಟ್ಟೆ ಒಳಗೆ ಹೋಗುತ್ತದೆ. ನಡುವಿನ ಹೆಚ್ಚುವರಿ ಬಟ್ಟೆ ಹಾಗೇ ಉಳಿದು ಚೀಲದಂತೆ ಜೋಲುತ್ತದೆ. ಅದಕ್ಕೆ ಹಾಯಿ ಹೊಲಿಯುವವರು ಮುಂದಿನ ಅಂಚಿನ ನಡುವಿಗೆ ತೆಳು ಫೋಮ್ ಅಥವಾ ಹಗ್ಗದ ಸಾಲು ಹೊಲಿಯುತ್ತಾರೆ. ಸುತ್ತಿದಾಗ ಆ ಭಾಗ ಬೇಗ ದಪ್ಪವಾಗಿ ನಡುವಿನ ಬಟ್ಟೆಯನ್ನು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಇಷ್ಟಾದರೂ ಸುಮಾರು ಶೇಕಡಾ 30ರಷ್ಟು ಕುಗ್ಗಿಸುವವರೆಗೆ ಮಾತ್ರ ಹಾಯಿ ಗಾಳಿಗೆದುರಾಗಿ ಚೆನ್ನಾಗಿ ಎಳೆಯುತ್ತದೆ. 150ರ ಜೆನೋವಾ ಕುಗ್ಗಿದರೆ 105ರ ಹತ್ತಿರ ನಿಲ್ಲುತ್ತದೆ. 135ರದು 95ರ ಹತ್ತಿರ.

ಅಂದರೆ 150 ತೆಗೆದುಕೊಂಡರೆ ಎಷ್ಟು ಸುತ್ತಿದರೂ ಜೋರು ಗಾಳಿಗೆ ಬೇಕಾದ ಸಣ್ಣ ಹಾಯಿ ನೆಟ್ಟಗೆ ಸಿಗುವುದಿಲ್ಲ. ಬೇಸಿಗೆಯ ಮಂದ ಗಾಳಿಯ ಕೆರೆಯಲ್ಲಿ ಆಡುವವರಿಗೆ ಅದು ಸರಿ. ಉಳಿದವರಿಗೆ 130, 135 ಸಾಕು ಎಂದು ನನ್ನ ಲೆಕ್ಕ. ಒಂದೇ ಹಾಯಿಯಲ್ಲಿ ಎಲ್ಲ ಗಾಳಿಯನ್ನೂ ಮುಗಿಸುತ್ತೇನೆ ಎನ್ನುವುದು ಫರ್ಲರ್ ಮಾರುವವರ ಮಾತು. ಇನ್ನೊಂದು ನೆನಪಿಡಿ. ಹಾಯಿ ಕುಗ್ಗಿದಂತೆ ಅದರ ಹಿಂದಿನ ಮೂಲೆ ಮುಂದಕ್ಕೆ ಬರುತ್ತದೆ. ಶೀಟ್ ಹಗ್ಗ ಹಾದುಬರುವ ರಾಟೆಯನ್ನೂ ಮುಂದಕ್ಕೆ ಸರಿಸದಿದ್ದರೆ ಹಾಯಿಯ ಮೇಲ್ಭಾಗ ಪಟಪಟ ಬಡಿಯುತ್ತಾ ಇರುತ್ತದೆ.

ಎಲ್ಲಕ್ಕಿಂತ ದುಬಾರಿ ತಪ್ಪು ಕಂಬದ ತುದಿಯಲ್ಲಿದೆ

ಫರ್ಲರ್‌ನಿಂದ ಕಂಬ ಬಿದ್ದ ಕತೆಗಳ ಹಿಂದೆ ಹೆಚ್ಚಾಗಿ ಇರುವುದು ಒಂದೇ ತೊಂದರೆ. ಹಾಲ್ಯರ್ಡ್ ಸುತ್ತಿಕೊಳ್ಳುವುದು.

ಸ್ವಿವೆಲ್‌ನ ಮೇಲಿನ ಅರ್ಧ ತಿರುಗಬಾರದು ಅಂದೆನಲ್ಲ, ಅದನ್ನು ತಿರುಗದಂತೆ ಹಿಡಿದಿರುವುದು ಹಾಲ್ಯರ್ಡ್ ಒಂದೇ. ಆ ಹಗ್ಗ ಸ್ವಲ್ಪ ಹಿಂದಕ್ಕೆ ಎಳೆಯುತ್ತಿದ್ದರೆ ಮಾತ್ರ ಹಿಡಿತ ಇರುತ್ತದೆ. ಫೋರ್‌ಸ್ಟೇಗೆ ಸಮಾನಾಂತರವಾಗಿ, ಅದಕ್ಕೆ ಅಂಟಿಕೊಂಡಂತೆ ಹೋಗುತ್ತಿದ್ದರೆ ಫಾಯಿಲ್ ತಿರುಗುವಾಗ ಹಗ್ಗವೂ ಅದಕ್ಕೆ ಸುತ್ತಿಕೊಳ್ಳುತ್ತದೆ. ಒಂದು ಸುತ್ತು, ಎರಡು ಸುತ್ತು, ಆಮೇಲೆ ಬಿಗಿದು ನಿಲ್ಲುತ್ತದೆ. ಕೆಳಗೆ ನಿಂತವರಿಗೆ ಫರ್ಲರ್ ಯಾಕೋ ಗಟ್ಟಿಯಾಗಿದೆ ಅನ್ನಿಸುತ್ತದೆ ಅಷ್ಟೇ. ಅವರು ಹಗ್ಗವನ್ನು ವಿಂಚ್ ಎಂಬ ಹಗ್ಗ ಎಳೆಯುವ ಉರುಳೆಗೆ ಸುತ್ತಿ ಜೋರಾಗಿ ಎಳೆಯುತ್ತಾರೆ. ವಿಂಚಿನ ಬಲ ಫಾಯಿಲ್ ತಿರುಚುತ್ತದೆ, ಫಾಯಿಲ್ ಒಳಗಿನ ತಂತಿಯ ಎಳೆಗಳನ್ನು ಬಿಚ್ಚುತ್ತದೆ. ಒಂದು ದಿನ ತಂತಿ ಕಡಿಯುತ್ತದೆ.

ಇದಕ್ಕೆ ಬಹುತೇಕ ತಯಾರಕರು ಹೇಳುವ ಪರಿಹಾರ ಒಂದೇ ತೆರನದು. ಹಾಯಿ ಪೂರ್ತಿ ಏರಿದಾಗ ಸ್ವಿವೆಲ್ ಫಾಯಿಲ್‌ನ ತುದಿಯ ಹತ್ತಿರ ಇರಬೇಕು, ಅಲ್ಲಿಂದ ಹಾಲ್ಯರ್ಡ್ ಫೋರ್‌ಸ್ಟೇಗೆ 8ರಿಂದ 10 ಡಿಗ್ರಿ ಕೋನದಲ್ಲಿ ಹಿಂದಕ್ಕೆ ಹೋಗಬೇಕು. ಹಾಯಿ ಗಿಡ್ಡವಾಗಿದ್ದು ಸ್ವಿವೆಲ್ ಕೆಳಗೇ ನಿಂತರೆ, ಹಾಯಿಯ ತುದಿಗೂ ಸ್ವಿವೆಲ್‌ಗೂ ನಡುವೆ ಒಂದು ತುಂಡು ತಂತಿ ಕಟ್ಟಿ ಸ್ವಿವೆಲ್ ಮೇಲೆ ಹೋಗುವಂತೆ ಮಾಡಬೇಕು. ಒಂದೇ ದೋಣಿಗೆ ಎರಡು ಹಾಯಿ ಇಟ್ಟುಕೊಂಡವರು ಎರಡಕ್ಕೂ ತಕ್ಕ ಉದ್ದದ ತುಂಡು ಮಾಡಿಸಿ ಹಾಯಿಗೇ ಹೊಲಿಸಿಬಿಡುವುದು ಜಾಣತನ. ಇಲ್ಲದಿದ್ದರೆ ಮರೆಯುವುದು ಖಂಡಿತ. ಕಂಬದ ರಚನೆಯಿಂದಾಗಿ ಕೋನವೇ ಸಿಗದಿದ್ದರೆ, ಕಂಬದ ಮುಂಭಾಗಕ್ಕೆ ಹಾಲ್ಯರ್ಡನ್ನು ಒಳಗೆಳೆದು ಹಿಡಿಯುವ ಒಂದು ಸಣ್ಣ ಲೋಹದ ಕೊಂಡಿ ಹಾಕುತ್ತಾರೆ. ಕಂಬ ಕೆಳಗಿರುವಾಗಲೇ ಇದನ್ನು ನೋಡಿಕೊಳ್ಳಬೇಕು. ನಿಂತ ಮೇಲೆ ಬೈನಾಕ್ಯುಲರ್‌ನಲ್ಲಿ ನೋಡಿ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಸಿಡಿಐಯಂಥ ಫರ್ಲರ್‌ನಲ್ಲಿ ಹಗ್ಗ ಒಳಗೇ ಇರುವುದರಿಂದ ಈ ತೊಂದರೆ ಇಲ್ಲ. ಕಂಬದ ಜಿಬ್ ಹಾಲ್ಯರ್ಡ್ ಬಿಡುವಾಗಿ ಉಳಿಯುತ್ತದೆ, ಕಂಬ ಏರಿಸಲು ಅದನ್ನೇ ಬಳಸಬಹುದು. ಕ್ಯಾಟಲಿನಾ 22ಗಳ ಮೇಲೆ ಸಿಡಿಐನ ಎಫ್‌ಎಫ್2 ಮಾದರಿ ಅಷ್ಟೊಂದು ಕಾಣುವುದಕ್ಕೆ ಬೆಲೆಯ ಜತೆ ಇದೂ ಕಾರಣ. ಆದರೆ ಹಾಯಿ ಬದಲಿಸುವುದು ನಿಧಾನದ ಕೆಲಸ. ನೀರಿನ ಮೇಲೆ ಹಾಯಿ ಬದಲಿಸುತ್ತಾ ರೇಸ್ ಆಡುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಹಗ್ಗ ಓಡುವ ದಾರಿ

ಡ್ರಮ್ಮಿನ ಹಗ್ಗಕ್ಕೆ ಸಣ್ಣ ದೋಣಿಯಲ್ಲಿ 5 ಅಥವಾ 6 ಮಿಲಿಮೀಟರ್ ಸಾಕು. ದಪ್ಪ ಹಗ್ಗ ಕೈಗೆ ಹಿತ, ಆದರೆ ಡ್ರಮ್ಮು ತುಂಬಿ ತುಳುಕುತ್ತದೆ. ಉದ್ದದ ಅಂದಾಜು ಹೀಗೆ: ಮೂತಿಯಿಂದ ಕೂರುವ ಜಾಗಕ್ಕೆ 5 ಮೀಟರ್, ಡ್ರಮ್ಮಿನ ಸುತ್ತುಗಳಿಗೆ ಇನ್ನೊಂದು 4 ಮೀಟರ್, ಹಿಡಿಯಲು ಬಾಲ. ಕ್ಯಾಟಲಿನಾ 22ಕ್ಕೆ ಸುಮಾರು 11 ಮೀಟರ್ ತಂದರೆ ಕೊರತೆ ಬೀಳುವುದಿಲ್ಲ.

ಹಾಯಿ ಬಿಚ್ಚಿದಾಗ ಹಗ್ಗ ಡ್ರಮ್ಮಿನ ಮೇಲೆ ಸುತ್ತಿರುತ್ತದೆ, ಹಾಯಿ ಸುತ್ತಿದಾಗ ಡ್ರಮ್ಮು ಖಾಲಿಯಾಗುತ್ತದೆ. ಹೊಸಬರು ಎಣಿಸಿ ಬೇಕಾದಷ್ಟೇ ಸುತ್ತು ಹಾಕುತ್ತಾರೆ. ಮಂದ ಗಾಳಿಯಲ್ಲಿ ಪರೀಕ್ಷೆ ಮಾಡುತ್ತಾರೆ, ಎಲ್ಲ ಸರಿ. ಜೋರು ಗಾಳಿಯಲ್ಲಿ ಹಾಯಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಸುರುಳಿ ತೆಳುವಾಗುತ್ತದೆ, ಅದಕ್ಕೆ ಹೆಚ್ಚು ಸುತ್ತು ಬೇಕು. ಡ್ರಮ್ಮು ಖಾಲಿ, ಹಾಯಿ ಇನ್ನೂ ಒಂದು ಮೊಳ ಹೊರಗೆ ಬಡಿಯುತ್ತಿದೆ. ಪೂರ್ತಿ ಸುತ್ತಿದ ಮೇಲೆ ಶೀಟ್ ಹಗ್ಗಗಳೂ ಎರಡು ಮೂರು ಸುತ್ತು ಬರುವಷ್ಟು ಹೆಚ್ಚುವರಿ ಇರಲಿ. ಬಿರುಗಾಳಿಯ ರಾತ್ರಿ ದಡದಲ್ಲಿ ಕಟ್ಟಿದ ದೋಣಿಯ ಹಾಯಿ ತಾನಾಗಿ ಬಿಚ್ಚಿಕೊಂಡು ಚಿಂದಿಯಾಗುವುದನ್ನು ಆ ಸುತ್ತುಗಳು ತಪ್ಪಿಸುತ್ತವೆ. ನಿಜವಾದ ಚಂಡಮಾರುತದ ಮುನ್ಸೂಚನೆ ಇದ್ದರೆ ಮಾತ್ರ ಯಾವ ಸುತ್ತನ್ನೂ ನಂಬದೆ ಹಾಯಿ ಇಳಿಸಿ ಮಡಚಿ ಒಳಗಿಡಿ.

ಡ್ರಮ್ಮಿನಿಂದ ಹೊರಟ ಹಗ್ಗದ ಮೊದಲ ರಾಟೆ ಡ್ರಮ್ಮಿನ ನಡುಮಟ್ಟಕ್ಕೆ, ಫೋರ್‌ಸ್ಟೇಗೆ ಲಂಬವಾಗಿ ಇರಬೇಕು. ಆಗ ಹಗ್ಗ ಮೇಲೂ ಕೆಳಗೂ ಸಮನಾಗಿ ಸುತ್ತುತ್ತದೆ. ಹಗ್ಗವನ್ನು ಡ್ರಮ್ಮಿಗೆ ಯಾವ ದಿಕ್ಕಿನಲ್ಲಿ ಸುತ್ತಬೇಕು ಎಂಬುದನ್ನು ಹಾಯಿಯ ಬಿಸಿಲುಪಟ್ಟಿ ಯಾವ ಮಗ್ಗುಲಲ್ಲಿದೆ ಎಂಬುದು ತೀರ್ಮಾನಿಸುತ್ತದೆ. ಕೈಯಲ್ಲಿ ಡ್ರಮ್ ತಿರುಗಿಸಿ ನೋಡಿ. ಪಟ್ಟಿ ಹೊರಗೆ ಬರುವ ದಿಕ್ಕು ಗೊತ್ತಾದ ಮೇಲೆ ಹಗ್ಗ ಹಾಕಿ.

ಹಳೆಯದು ಸಿಕ್ಕರೆ

ಸಣ್ಣ ದೋಣಿಯವರು ಸೆಕೆಂಡ್ ಹ್ಯಾಂಡ್ ಫರ್ಲರ್ ಹುಡುಕುವುದು ಸಹಜ. ದೋಣಿಯ ಬೆಲೆಯೇ ಹೊಸ ಫರ್ಲರ್‌ನ ಎರಡು ಪಟ್ಟು ಇರುತ್ತದೆ ಅಷ್ಟೇ! ಹಳೆಯದರಲ್ಲಿ ಮೊದಲು ಕೇಳಬೇಕಾದ್ದು ಫಾಯಿಲ್‌ನ ಉದ್ದ. ಉದ್ದ ಇದ್ದರೆ ಕತ್ತರಿಸಬಹುದು. ಗಿಡ್ಡವಾಗಿದ್ದರೆ ಅದೇ ಮಾದರಿಯ ತುಂಡು ಈಗಲೂ ಸಿಗುತ್ತದೆಯೇ ನೋಡಬೇಕು. ನಿಂತುಹೋದ ಮಾದರಿಯಾದರೆ ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ. ಒಂದು ಸ್ಕ್ರೂಗೆ, ಒಂದು ಬೇರಿಂಗಿಗೆ ಅಲೆದಾಡುವುದು ತಪ್ಪುತ್ತದೆ. ಫಾಯಿಲ್ ಒಳಗಿನ ತೂತಿಗೆ ನಿಮ್ಮ ತಂತಿ ಹಿಡಿಯಬೇಕು. ತಂತಿಯ ತುದಿಯ ಜೋಡಣೆ ಅದರೊಳಗೆ ತೂರುವುದಿಲ್ಲವಾದರೆ ಒಂದು ತುದಿಯನ್ನು ಕೈಯಲ್ಲಿ ಬಿಗಿಸುವ ಬಗೆಯ ಜೋಡಣೆಯಿಂದ ಮುಗಿಸಬೇಕಾಗುತ್ತದೆ. ನೆಲದ ಮೇಲೆ ಇಟ್ಟು ಒಂದು ಕಣ್ಣು ಮುಚ್ಚಿ ಫಾಯಿಲ್‌ನ ಉದ್ದಕ್ಕೂ ನೋಡಿ, ಬಾಗಿದ್ದರೆ ಕಾಣುತ್ತದೆ. ಸ್ವಿವೆಲ್‌ನ ಎರಡು ತುದಿಯನ್ನು ಎಳೆದು ಹಿಡಿದು ತಿರುಗಿಸಿ. ಭಾರವಿಲ್ಲದೆ ಎಲ್ಲ ಬೇರಿಂಗೂ ನುಣುಪಾಗಿಯೇ ತಿರುಗುತ್ತದೆ, ಎಳೆದಾಗ ಮಾತ್ರ ನಿಜ ಹೊರಗೆ ಬರುತ್ತದೆ.

ಬೇರಿಂಗಿನ ಜಾತಿಯನ್ನೂ ತಿಳಿದುಕೊಳ್ಳಿ. ಹಾರ್ಕನ್‌ನಲ್ಲಿ ಟಾರ್ಲಾನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡುಗಳು. ಸಿಹಿನೀರಿನಲ್ಲಿ ತೊಳೆದರೆ ಸಾಕು, ಗ್ರೀಸ್ ಹಚ್ಚಿದರೆ ಧೂಳು ಅಂಟಿ ಕೆಡುತ್ತದೆ. ಫರ್ಲೆಕ್ಸ್‌ನಲ್ಲಿ ಸ್ಟೀಲ್ ಗುಂಡುಗಳು, ಅವಕ್ಕೆ ಗ್ರೀಸ್ ಬೇಕು. ಪ್ರೊಫರ್ಲ್‌ನವು ಮುಚ್ಚಿದ ಬೇರಿಂಗುಗಳು, ಏನೂ ಮಾಡುವಂತಿಲ್ಲ, ಕೆಟ್ಟರೆ ಬದಲಿಸಬೇಕು.

ಇಷ್ಟೆಲ್ಲ ಸರಿಯಿದ್ದರೂ ಹಳೆಯ ಫರ್ಲರ್ ಜತೆ ಬಂದ ತಂತಿಯನ್ನು ಮಾತ್ರ ಬಳಸಬೇಡಿ. ಅದು ಎಷ್ಟು ವರ್ಷ ಆ ಕತ್ತಲ ಕೊಳವೆಯೊಳಗೆ ಉಪ್ಪುನೀರು ಕುಡಿದಿದೆಯೋ ಯಾರಿಗೂ ಹೇಳಲಾಗದು. ಹೊಸ ತಂತಿ, ಹೊಸ ಪಿನ್ನು, ಪಿನ್ನು ಜಾರದಂತೆ ತಡೆಯುವ ಹೊಸ ಕಾಟರ್ ಪಿನ್ನು ಹಾಕಿಸಿ. ಸಿಹಿನೀರಿನ ದೋಣಿಗೂ ಸುಮಾರು ಹತ್ತು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ನಡುವೆ ಪ್ರತಿ ವರ್ಷ ಕಂಬ ಇಳಿಸಿದಾಗ ತಂತಿ ಜೋಡಣೆಯೊಳಗೆ ಹೊಕ್ಕುವ ಜಾಗದಲ್ಲಿ ಬೆರಳಾಡಿಸಿ, ತುಕ್ಕಿನ ಗೆರೆಯೋ ಎದ್ದ ಎಳೆಯೋ ಇದೆಯೇ ನೋಡಿ. ಬರಿಗೈ ಬೇಡ, ಹಳೆಯ ಬಟ್ಟೆ ಹಿಡಿದು ಸವರಿ. ಮುರಿದ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ.